ನಗುವವರ ಕಡೆಯಿಂದ ನೋಡಿದ ‘ಸೈನ್‌ಫೆಲ್ಡ್’

ಕ್ರೇಮರ್ ಎಂಬ ಪಾತ್ರ ಬಾಗಿಲನ್ನು ತಳ್ಳಿಕೊಂಡು, ಇನ್ನೇನು ಜಾರಿ ಬಿದ್ದೇಬಿಟ್ಟ ಎನ್ನುವಂತೆ ಒಳನುಗ್ಗಿದೊಡನೆ ಸ್ಟುಡಿಯೋದಲ್ಲಿ ಕುಳಿತ ಜನ ಚಪ್ಪಾಳೆ ತಟ್ಟಿ ಕೂಗುತ್ತಿದ್ದರು. ಆ ಸದ್ದು ಅಡಗುವವರೆಗೆ ಉಳಿದ ನಟರು ಮಾತನ್ನು ತಡೆಹಿಡಿದು ನಿಲ್ಲಬೇಕಾಗುತ್ತಿತ್ತು. ದೃಶ್ಯದ ಓಟ ಅಲ್ಲಿಯೇ ಮುಗ್ಗರಿಸುತ್ತಿತ್ತು. ಕೊನೆಗೆ ಸರಣಿಯನ್ನು ತಯಾರಿಸುತ್ತಿದ್ದವರು, ಅವನು ಬಂದಾಗ ದಯವಿಟ್ಟು ಚಪ್ಪಾಳೆ ತಟ್ಟಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳಬೇಕಾಯಿತು. ಹಾಸ್ಯದ ಸರಣಿಯೊಂದು ತನಗೆ ಸಿಗುತ್ತಿರುವ ಮೆಚ್ಚುಗೆಯನ್ನೇ ಕಡಿಮೆ ಮಾಡಿಕೊಳ್ಳಲು ಬಯಸಿದ ಈ ಸಂಗತಿ ‘ಸೈನ್‌ಫೆಲ್ಡ್’ನ ಬಗ್ಗೆ ನನಗೆ ಬಹಳಷ್ಟನ್ನು ಹೇಳುತ್ತದೆ. ಅದನ್ನು ಕಟ್ಟಿದವರಿಗೆ ಪ್ರೇಕ್ಷಕರ ನಗು ಬೇಕಿತ್ತು. ಪ್ರೇಕ್ಷಕರ ಮುದ್ದು ಬೇಕಿರಲಿಲ್ಲ.

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1989ರ ಜುಲೈ 5ರಂದು ಮೊದಲ ಕಂತು ಪ್ರಸಾರವಾಗಿ, 1998ರ ಮೇ 14ರಂದು ಮುಗಿದ ಈ ಸರಣಿಯಲ್ಲಿ ಒಟ್ಟು 9 ಸೀಸನ್‌ಗಳೂ 180 ಕಂತುಗಳೂ ಇವೆ. ಸ್ಟ್ಯಾಂಡ್-ಅಪ್ ಹಾಸ್ಯಗಾರ ಜೆರ್ರಿ ಸೈನ್‌ಫೆಲ್ಡ್ ತನ್ನ ಹೆಸರಿನ ಪಾತ್ರವನ್ನೇ ವಹಿಸಿದ್ದಾನೆ. ಅವನೂ ಮತ್ತೊಬ್ಬ ಸ್ಟ್ಯಾಂಡ್-ಅಪ್ ಹಾಸ್ಯಗಾರ ಲ್ಯಾರಿ ಡೇವಿಡ್‌ನೂ ಸೇರಿ ಸರಣಿಯನ್ನು ರೂಪಿಸಿದರು. ಗೆಳೆಯ ಜಾರ್ಜ್‌ನಾಗಿ ಜೇಸನ್ ಅಲೆಕ್ಸಾಂಡರ್, ಗೆಳತಿ ಎಲೇನ್‌ಳಾಗಿ ಜೂಲಿಯಾ ಲೂಯಿ-ಡ್ರೈಫಸ್, ಎದುರುಮನೆಯ ಕ್ರೇಮರ್‌ನಾಗಿ ಮೈಕೆಲ್ ರಿಚರ್ಡ್ಸ್ ನಟಿಸಿದ್ದಾರೆ. ಈಚೆಗೆ ನಾನು ನೆಟ್‌ಫ್ಲಿಕ್ಸ್‌ನಲ್ಲಿ ಇದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ನೋಡಿದೆ. ಹಿಂದೆ ನೋಡಿದಾಗ ಕಥೆಯ ಹಿಂದೆ ಹೋಗಿದ್ದೆ. ಈ ಸಲ ನಗುವಿನ ಹಿಂದೆ ಹೋದೆ. ಯಾರು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಎಲ್ಲಿ ಸಿಟ್ಟಾದರು ಎಂಬುದನ್ನು ಗಮನಿಸುತ್ತ ಹೋದಂತೆ, ಪ್ರೇಕ್ಷಕರ ಮಾತಿಗೆ ಯಾವಾಗ ಕಿವಿಗೊಡಬೇಕು, ಯಾವಾಗ ಕೊಡಬಾರದು ಎಂಬುದರಲ್ಲೇ ಈ ಸರಣಿಯ ಹಿರಿಮೆಯೂ ಸೋಲೂ ಅಡಗಿವೆ ಎಂದು ನನಗೆ ಮನವರಿಕೆಯಾಯಿತು.

ಮೊದಲ ಪ್ರೇಕ್ಷಕರ ತೀರ್ಪು ಸರಣಿಗೆ ವಿರುದ್ಧವಾಗಿತ್ತು. ಮೊದಲ ಕಂತನ್ನು ಪ್ರಸಾರಕ್ಕೆ ಮುನ್ನ ಆಯ್ದ ವೀಕ್ಷಕರಿಗೆ ತೋರಿಸಿ ಅಭಿಪ್ರಾಯ ಪಡೆದಾಗ ಅವರು ಅದನ್ನು ದುರ್ಬಲವೆಂದು ತಳ್ಳಿಹಾಕಿದರು. ಮತ್ತೆ ನೋಡಬೇಕೆಂಬ ಆಸಕ್ತಿ ಯಾವ ವಯಸ್ಸಿನವರಲ್ಲೂ ಹುಟ್ಟಲಿಲ್ಲ. ಇಂಥ ವರದಿ ಬಂದ ಮೇಲೆ ಸಾಮಾನ್ಯವಾಗಿ ಸರಣಿ ಅಲ್ಲಿಗೇ ಕೊನೆಯಾಗುತ್ತದೆ. ಇಲ್ಲಿ ಹಾಗಾಗದಂತೆ ತಡೆದವರು ಎನ್‌ಬಿಸಿಯ ವಿಶೇಷ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದ ರಿಕ್ ಲಡ್ವಿನ್. ಹೆಸರಾಂತ ಹಾಸ್ಯಗಾರ ಬಾಬ್ ಹೋಪ್‌ನ ವಿಶೇಷ ಕಾರ್ಯಕ್ರಮವೊಂದನ್ನು ಕೈಬಿಟ್ಟು, ಆ ಹಣದಲ್ಲಿ ಅವರು ಇನ್ನು 4 ಕಂತುಗಳನ್ನು ಮಾಡಿಸಿದರು. ಹೀಗೆ ಒಂದಕ್ಕೆ ನಾಲ್ಕು ಸೇರಿ ಮೊದಲ ಸೀಸನ್‌ನಲ್ಲಿ ಬರೀ 5 ಕಂತುಗಳಿವೆ.

ಇಂದು ಆ ಮೊದಲ ಕಂತನ್ನು ನೋಡುವಾಗ, ಅಂದಿನ ವೀಕ್ಷಕರು ತಪ್ಪು ಹೇಳಿದರೆಂದು ನಾನು ಹೇಳಲಾರೆ. ಅದು ನಿಜಕ್ಕೂ ಸೊರಗಿದ ಕಂತು. ಎಲೇನ್ ಅದರಲ್ಲಿ ಇಲ್ಲವೇ ಇಲ್ಲ. ಮಾತುಗಳ ನಡುವೆ ಉಸಿರು ಎಳೆದುಕೊಳ್ಳುವ ಬಿಡುವು ಬೇಕಾದುದಕ್ಕಿಂತ ಹೆಚ್ಚಿದೆ. ನಟರು ಒಬ್ಬರ ಲಯಕ್ಕೆ ಇನ್ನೊಬ್ಬರು ಇನ್ನೂ ಒಗ್ಗಿಲ್ಲ. ಆದರೆ ಕಂತಿನ ಮೊದಲಲ್ಲಿ ಜೆರ್ರಿ ಜಾರ್ಜ್‌ನ ಅಂಗಿಯ ಎರಡನೆಯ ಗುಂಡಿಯ ಬಗ್ಗೆ, ಆ ಗುಂಡಿ ಇರುವ ಜಾಗವೇ ಇಡೀ ಅಂಗಿಯನ್ನು ಕೆಡಿಸುತ್ತದೆ ಎಂದು ಗಂಭೀರವಾಗಿ ಆಡುವ ಮಾತಿನಲ್ಲಿ ಮುಂದೆ ಬರಲಿರುವುದೆಲ್ಲದರ ಬೀಜವಿದೆ. ಪ್ರಶ್ನಾವಳಿ ಹಿಡಿದು ಕುಳಿತವನಿಗೆ ಅಂಥ ಬೀಜ ಕಾಣುವುದಿಲ್ಲ. ಕಥೆ ಹಿಡಿಸಿತೇ, ಪಾತ್ರಗಳು ಇಷ್ಟವಾದವೇ ಎಂಬುದಕ್ಕೆ ಅವನು ಪ್ರಾಮಾಣಿಕವಾಗಿಯೇ ಉತ್ತರ ಕೊಡುತ್ತಾನೆ. ಈ ಸರಣಿಯಲ್ಲಿ ಕಥೆ ಹಿಡಿಸಬೇಕಾಗಿಯೂ ಇರಲಿಲ್ಲ, ಪಾತ್ರಗಳು ಇಷ್ಟವಾಗಬೇಕಾಗಿಯೂ ಇರಲಿಲ್ಲ. ಹಾಗಾಗಿ ಪ್ರಶ್ನೆಯೇ ದಾರಿ ತಪ್ಪಿತ್ತು ಎನ್ನುವುದು ನ್ಯಾಯವಾದ ಮಾತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಇದು ‘ಏನೂ ಇಲ್ಲದುದರ ಬಗೆಗಿನ ಸರಣಿ’ ಎಂಬ ಮಾತು ಎಲ್ಲೆಡೆ ಹಬ್ಬಿದೆ. ಆ ಮಾತು ಹುಟ್ಟಿದ್ದು ನಾಲ್ಕನೆಯ ಸೀಸನ್‌ನ ಕಥೆಯೊಳಗೆ, ಜೆರ್ರಿ ಮತ್ತು ಜಾರ್ಜ್ ವಾಹಿನಿಯ ಮುಖ್ಯಸ್ಥರ ಮುಂದೆ ತಮ್ಮ ಸರಣಿಯನ್ನು ಒಪ್ಪಿಸಲು ಹೋದಾಗ. ನಿಜದಲ್ಲಿ ಸೈನ್‌ಫೆಲ್ಡ್ ಮತ್ತು ಡೇವಿಡ್ ಎನ್‌ಬಿಸಿಯ ಮುಂದಿಟ್ಟ ಯೋಚನೆ ಬೇರೆಯದು: ಹಾಸ್ಯಗಾರನೊಬ್ಬನಿಗೆ ತನ್ನ ಸರಕು ಎಲ್ಲಿಂದ ಸಿಗುತ್ತದೆ ಎಂಬುದನ್ನು ತೋರಿಸುವುದು. ಅದಕ್ಕಾಗಿಯೇ ಮೊದಲ ಏಳು ಸೀಸನ್‌ಗಳಲ್ಲಿ ಜೆರ್ರಿ ಕ್ಲಬ್ಬಿನ ವೇದಿಕೆಯ ಮೇಲೆ ನಿಂತು ಆಡುವ ಮಾತುಗಳು ಕಂತುಗಳೊಂದಿಗೆ ಹೊಸೆದುಕೊಂಡಿವೆ. ಅವನ ದಿನದಲ್ಲಿ ನಡೆದ ಸಣ್ಣ ಕಿರಿಕಿರಿ ಸಂಜೆಗೆ ವೇದಿಕೆಯ ಮಾತಾಗುತ್ತದೆ. ಜೊನಾಥನ್ ವುಲ್ಫ್ ಸಂಯೋಜಿಸಿದ ಬೇಸ್ ಗಿಟಾರಿನಂತೆ ಕೇಳುವ ಆ ಹೆಸರಾಂತ ಶೀರ್ಷಿಕೆ ಸಂಗೀತ ಕೂಡ ಒಂದೇ ಅಚ್ಚಿನದಲ್ಲ. ಜೆರ್ರಿಯ ಮಾತು ಎಷ್ಟು ಉದ್ದವಿದೆ, ಜನ ಎಲ್ಲಿ ನಕ್ಕಿದ್ದಾರೆ ಎಂಬುದನ್ನು ನೋಡಿಕೊಂಡು ಪ್ರತಿ ಕಂತಿಗೂ ಅದನ್ನು ಬೇರೆಬೇರೆಯಾಗಿ ಹೊಂದಿಸಲಾಗಿದೆ. ಪ್ರೇಕ್ಷಕರ ನಗುವಿಗೆ ಜಾಗ ಬಿಟ್ಟು ನುಡಿಸಿದ ಶೀರ್ಷಿಕೆ ಸಂಗೀತ ಎಂಬುದೇ ನನಗೆ ಬಹಳ ಪ್ರೀತಿಯ ವಿವರ.

ಆದರೂ ಈ ವೇದಿಕೆಯ ತುಣುಕುಗಳೇ ಇಂದು ಸರಣಿಯ ಸಪ್ಪೆ ಭಾಗ ಎಂದು ಹೇಳದೆ ವಿಧಿಯಿಲ್ಲ. ಅಲ್ಲಿನ ಮಾತು ಅಚ್ಚುಕಟ್ಟಾಗಿದೆ, ಆದರೆ ಅದರ ಬೆನ್ನಲ್ಲೇ ಬರುವ ಕಥೆಯ ನಗುವಿನ ಮುಂದೆ ಅದು ತೆಳುವಾಗಿ ಕೇಳುತ್ತದೆ. ಏಳನೆಯ ಸೀಸನ್ ಮುಗಿದ ಮೇಲೆ ಲ್ಯಾರಿ ಡೇವಿಡ್ ಹೊರಟುಹೋದರು. ಆಮೇಲಿನ ಎರಡು ಸೀಸನ್‌ಗಳಲ್ಲಿ ಈ ತುಣುಕುಗಳನ್ನು ಕೈಬಿಟ್ಟು ಆ ಸಮಯವನ್ನು ಕಥೆಗೆ ಕೊಟ್ಟರು. ಅದರಿಂದ ಕಂತುಗಳ ವೇಗ ಹೆಚ್ಚಿತು, ಘಟನೆಗಳು ಹೆಚ್ಚು ವಿಚಿತ್ರವಾದವು. ಆದರೆ ಇವನೊಬ್ಬ ಹಾಸ್ಯಗಾರ, ಇದೆಲ್ಲ ಅವನ ಕಚ್ಚಾವಸ್ತು ಎಂಬ ನೆನಪು ಮಾಸಿತು. ನನಗೆ ಆ ಕೊನೆಯ ಎರಡು ಸೀಸನ್‌ಗಳು ಇಷ್ಟ, ಆದರೆ ಮೂರರಿಂದ ಏಳರವರೆಗಿನವು ಇನ್ನೂ ಹೆಚ್ಚು ಇಷ್ಟ.

ನಗುವಿನ ಸದ್ದಿನ ವಿಷಯಕ್ಕೆ ಬರೋಣ. ಇಂಥ ಸರಣಿಗಳಲ್ಲಿ ಕೇಳುವ ನಗುವೆಲ್ಲ ಮೊದಲೇ ಮುದ್ರಿಸಿಟ್ಟು ಡಬ್ಬಿಯಿಂದ ತೆಗೆದದ್ದು ಎಂದು ಹೇಳಿ ಮೂಗು ಮುರಿಯುವವರು ಬಹಳ ಜನ. ‘ಸೈನ್‌ಫೆಲ್ಡ್’ನ ಕಥೆ ನಡೆಯುವುದು ನ್ಯೂಯಾರ್ಕಿನಲ್ಲಾದರೂ ಚಿತ್ರೀಕರಣ ಬಹುಪಾಲು ನಡೆದದ್ದು ಲಾಸ್ ಏಂಜಲೀಸ್‌ನಲ್ಲಿ, ಸ್ಟುಡಿಯೋದೊಳಗೆ ಕುಳಿತ ನಿಜವಾದ ಪ್ರೇಕ್ಷಕರ ಮುಂದೆ. ಹಲವು ಕ್ಯಾಮೆರಾಗಳು ಒಟ್ಟಿಗೆ ಓಡುತ್ತಿರುತ್ತವೆ. ಹೊರಾಂಗಣದಲ್ಲಿ ಮೊದಲೇ ಚಿತ್ರಿಸಿಕೊಂಡ ದೃಶ್ಯಗಳನ್ನು ಪ್ರೇಕ್ಷಕರಿಗೆ ಪರದೆಯ ಮೇಲೆ ತೋರಿಸಿ ಅವರ ನಗುವನ್ನು ಮುದ್ರಿಸಿಕೊಳ್ಳುತ್ತಾರೆ. ಸಂಕಲನದ ಹೊತ್ತಿಗೆ ಅಲ್ಲಲ್ಲಿ ತೇಪೆ ಹಾಕುವುದೂ ಉಂಟು. ಆದರೂ ಕಿವಿಗೊಟ್ಟು ಕೇಳಿದರೆ ನಿಜವಾದ ನಗುವನ್ನು ಗುರುತಿಸುವುದು ಕಷ್ಟವಲ್ಲ. ನಿಜವಾದ ನಗು ಒಂದೇ ಸಲಕ್ಕೆ ಎದ್ದು ಒಂದೇ ಸಲಕ್ಕೆ ಅಡಗುವುದಿಲ್ಲ. ಮೊದಲು ಯಾರೋ ಒಬ್ಬರಿಗೆ ಹೊಳೆಯುತ್ತದೆ, ಆಮೇಲೆ ಸಾಲುಸಾಲಾಗಿ ಹರಡುತ್ತದೆ, ಮುಗಿಯಿತು ಎನ್ನುವಾಗ ಇನ್ನೊಂದು ಮೂಲೆಯಿಂದ ಮತ್ತೆ ಎದ್ದು ಬರುತ್ತದೆ.

ಇದಕ್ಕೆ ನಾನು ಕೊಡುವ ಉದಾಹರಣೆ 1994ರ ಫೆಬ್ರವರಿ 10ರಂದು ಪ್ರಸಾರವಾದ, ಜಾರ್ಜ್ ತಾನು ಸಾಗರ ಜೀವವಿಜ್ಞಾನಿ ಎಂದು ಸುಳ್ಳು ಹೇಳಿಕೊಳ್ಳುವ ಕಂತು. ಕಡಲ ತೀರದಲ್ಲಿ ಸಾಯುತ್ತಿರುವ ತಿಮಿಂಗಿಲವೊಂದು ಎದುರಾಗಿ, ಜತೆಗಿದ್ದ ಹುಡುಗಿಯ ಮುಂದೆ ಸುಳ್ಳನ್ನು ಉಳಿಸಿಕೊಳ್ಳಲು ಅವನು ನೀರಿಗಿಳಿಯುತ್ತಾನೆ. ಅವನು ನೀರಿನೊಳಗೆ ಮಾಡಿದ ಸಾಹಸವನ್ನು ನಮಗೆ ತೋರಿಸುವುದೇ ಇಲ್ಲ. ಎಂದಿನ ಕಾಫಿ ಅಂಗಡಿಯಲ್ಲಿ ಕುಳಿತು ಜಾರ್ಜ್ ಆ ಕಥೆಯನ್ನು ಗೆಳೆಯರಿಗೆ ಹೇಳುತ್ತಾನೆ, ಹಳೆಯ ಪುರಾಣದ ವೀರನೊಬ್ಬ ತನ್ನ ಯುದ್ಧವನ್ನು ತಾನೇ ಬಣ್ಣಿಸುವ ಧಾಟಿಯಲ್ಲಿ. ಈ ದೀರ್ಘ ಮಾತನ್ನು ಚಿತ್ರೀಕರಣದ ಹಿಂದಿನ ರಾತ್ರಿ ಬರೆದು ಕೊಡಲಾಗಿತ್ತು. ಜೇಸನ್ ಅಲೆಕ್ಸಾಂಡರ್ ಅದನ್ನು ಅಷ್ಟರಲ್ಲೇ ಬಾಯಿಪಾಠ ಮಾಡಿ ಪ್ರೇಕ್ಷಕರ ಮುಂದೆ ಒಪ್ಪಿಸಿದರು. ತಿಮಿಂಗಿಲದ ಉಸಿರುಗಂಡಿಗೆ ಕೈ ಹಾಕಿ ತಾನು ಎಳೆದು ತೆಗೆದದ್ದನ್ನು ಜಾರ್ಜ್ ಕೊನೆಗೆ ಜೇಬಿನಿಂದ ಹೊರತೆಗೆಯುತ್ತಾನೆ: ಒಂದು ಗಾಲ್ಫ್ ಚೆಂಡು. ಅದೇ ಕಂತಿನಲ್ಲಿ ಕ್ರೇಮರ್ ಕಡಲ ದಡದಲ್ಲಿ ನಿಂತು ನೀರಿನತ್ತ ಗಾಲ್ಫ್ ಚೆಂಡುಗಳನ್ನು ಹೊಡೆಯುತ್ತಿದ್ದ.

ಆ ಕ್ಷಣದ ನಗುವನ್ನು ಕೇಳಬೇಕು. ಚೆಂಡು ಕಂಡೊಡನೆ ಏಳುವ ಮೊದಲ ಅಲೆ, ಜನ ಎರಡು ಕಥೆಗಳನ್ನೂ ತಮ್ಮ ತಲೆಯೊಳಗೆ ಹೊಲಿದುಕೊಂಡಾಗ ಏಳುವ ಎರಡನೆಯ ಅಲೆ, ಕ್ಯಾಮೆರಾ ಕ್ರೇಮರ್‌ನ ಮುಖಕ್ಕೆ ಹೋದಾಗ ಮೂರನೆಯದು. ಯಾರೂ ವಿವರಿಸಿ ಹೇಳಿಲ್ಲ. ಬಿಡಿಬಿಡಿಯಾಗಿ ಬಿದ್ದಿದ್ದ ಎಳೆಗಳನ್ನು ಗಂಟು ಹಾಕುವ ಕೆಲಸವನ್ನು ಪ್ರೇಕ್ಷಕರಿಗೇ ಬಿಟ್ಟಿದ್ದಾರೆ. ಆ ಗಂಟನ್ನು ತಾನೇ ಹಾಕಿದ ಖುಷಿ ಆ ನಗುವಿನಲ್ಲಿದೆ. ಸ್ಟ್ಯಾಂಡ್-ಅಪ್ ವೇದಿಕೆಯ ಮೇಲೆ ವರ್ಷಗಟ್ಟಲೆ ನಿಂತವರಿಗೆ ಮಾತ್ರ ಇದು ಕೈಗೂಡುತ್ತದೆ ಎಂದು ನಾನು ನಂಬುತ್ತೇನೆ. ಎಷ್ಟು ಹೇಳಿದರೆ ಕೇಳುಗನಿಗೆ ಸಾಕು, ಯಾವ ಪದವನ್ನು ಕೊನೆಗೆ ಇಡಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎಂಬುದನ್ನು ಅವರು ನೂರಾರು ರಾತ್ರಿ ಅಪರಿಚಿತರ ಎದುರು ಸೋತು ಸೋತು ಕಲಿತಿರುತ್ತಾರೆ.

ಪ್ರೇಕ್ಷಕರ ಮೇಲಿನ ಇದೇ ನಂಬಿಕೆಯ ಇನ್ನೊಂದು ರೂಪ 1992ರ ನವೆಂಬರ್ 18ರಂದು ಪ್ರಸಾರವಾದ ಪಂದ್ಯದ ಕಂತು. ಮೈಯ ಆಸೆಯನ್ನು ತಾವೇ ತಣಿಸಿಕೊಳ್ಳದೆ ಯಾರು ಹೆಚ್ಚು ಕಾಲ ಇರಬಲ್ಲರೆಂದು ನಾಲ್ವರು ಗೆಳೆಯರು ಬಾಜಿ ಕಟ್ಟುತ್ತಾರೆ. ಕಂತು ಮುಗಿಯುವವರೆಗೆ ಆ ಕ್ರಿಯೆಯ ಹೆಸರು ಒಂದು ಸಲವೂ ಯಾರ ಬಾಯಿಂದಲೂ ಬರುವುದಿಲ್ಲ. ಹೆಸರಿಲ್ಲದ ಆ ಖಾಲಿ ಜಾಗವನ್ನು ತುಂಬುವುದು ಸ್ಟುಡಿಯೋದ ನಗುವೇ. ಜನ ನಕ್ಕರೆ ಅವರಿಗೆ ಅರ್ಥವಾಗಿದೆ. ಅರ್ಥವಾಗಿದೆ ಎಂದರೆ ಹೇಳಬೇಕಾಗಿಲ್ಲ. ಲ್ಯಾರಿ ಡೇವಿಡ್‌ಗೆ ಈ ಬರವಣಿಗೆಗಾಗಿ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂದದ್ದು ನ್ಯಾಯವಾಗಿಯೇ ಇತ್ತು.

ಪ್ರೇಕ್ಷಕರಿಗೆ ಏನು ಬೇಕು ಎಂದು ವಾಹಿನಿಯವರು ಊಹಿಸಿದ್ದಕ್ಕೂ ಪ್ರೇಕ್ಷಕರು ನಿಜವಾಗಿ ಒಪ್ಪಿಕೊಂಡದ್ದಕ್ಕೂ ಇದ್ದ ಅಂತರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಎರಡನೆಯ ಸೀಸನ್‌ನ ಚೀನೀ ರೆಸ್ಟೋರೆಂಟಿನ ಕಂತಿನಲ್ಲಿ. ಜೆರ್ರಿ, ಜಾರ್ಜ್, ಎಲೇನ್ ಮೂವರೂ ಊಟಕ್ಕೆ ಬಂದು ಮೇಜಿಗಾಗಿ ಕಾಯುತ್ತಾರೆ. ಕಂತಿನ ಉದ್ದಕ್ಕೂ ಕಾಯುತ್ತಲೇ ಇರುತ್ತಾರೆ. ಎಲೇನ್‌ಗೆ ಹಸಿವು, ಜಾರ್ಜ್‌ಗೆ ಸಾರ್ವಜನಿಕ ಫೋನ್ ಬೇಕು, ಜೆರ್ರಿಗೆ ಅಲ್ಲಿ ಕಂಡ ಹೆಂಗಸಿನ ಗುರುತು ಸಿಗುತ್ತಿಲ್ಲ. ಇದರಲ್ಲಿ ಕಥೆಯೇ ಇಲ್ಲ, ಜನ ನೋಡುವುದಿಲ್ಲ ಎಂದು ಎನ್‌ಬಿಸಿಯ ಅಧಿಕಾರಿಗಳು ತಗಾದೆ ತೆಗೆದರು. ದೊಡ್ಡ ಬದಲಾವಣೆ ಮಾಡಿಸಿದರೆ ಸರಣಿಯನ್ನೇ ಬಿಟ್ಟು ಹೋಗುತ್ತೇನೆಂದು ಲ್ಯಾರಿ ಡೇವಿಡ್ ಪಟ್ಟು ಹಿಡಿದರು. ಕೊನೆಗೆ ಸೀಸನ್‌ನ ತುದಿಗೆ, 1991ರ ಮೇ 23ರಂದು ಅದು ಪ್ರಸಾರವಾಯಿತು. ಮೂವರೂ ಬೇಸತ್ತು ಹೊರನಡೆದ ಮರುಕ್ಷಣವೇ ಅವರ ಹೆಸರನ್ನು ಕೂಗುವ ಆ ಕೊನೆಯ ಘಳಿಗೆಯನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಎಲ್ಲಿಯಾದರೂ ಸರದಿಯಲ್ಲಿ ನಿಂತು ಕಾದಿರುವ ಯಾರಿಗೇ ಆಗಲಿ ಈ ಕಂತಿಗೆ ಟಿಪ್ಪಣಿ ಬೇಕಾಗುವುದಿಲ್ಲ.

ಪ್ರೇಕ್ಷಕರೇ ಇಲ್ಲದೆ ಚಿತ್ರೀಕರಿಸಿದ ಕಂತೂ ಉಂಟು. 1991ರ ಅಕ್ಟೋಬರ್‌ನಲ್ಲಿ ಬಂದ, ನಾಲ್ವರೂ ಬೃಹತ್ ಪಾರ್ಕಿಂಗ್ ಕಟ್ಟಡವೊಂದರಲ್ಲಿ ತಮ್ಮ ಕಾರನ್ನು ಹುಡುಕುತ್ತ ಅಲೆಯುವ ಕಂತಿನಲ್ಲಿ ಸೆಟ್ಟು ಇಡೀ ಸ್ಟುಡಿಯೋವನ್ನೇ ನುಂಗಿದ್ದರಿಂದ ಜನರನ್ನು ಕೂರಿಸಲು ಜಾಗವಿರಲಿಲ್ಲ. ಕೊನೆಗೆ ಕಾರು ಸಿಕ್ಕಿ ಅವರು ಹೊರಟುಹೋಗುವುದೆಂದು ಬರೆದುಕೊಂಡಿದ್ದರು. ಆದರೆ ಚಿತ್ರೀಕರಣದ ವೇಳೆ ಕಾರು ನಿಜವಾಗಿಯೇ ಚಾಲೂ ಆಗಲಿಲ್ಲ. ಬರೆದುದಕ್ಕಿಂತ ಆದದ್ದೇ ಚೆನ್ನಾಗಿದೆಯೆಂದು ಅದನ್ನೇ ಉಳಿಸಿಕೊಂಡರು. ಹಿಂದಿನ ಸೀಟಿನಲ್ಲಿದ್ದ ನಟರು ನಗು ತಡೆಯಲಾರದೆ ಬಗ್ಗಿಕೊಳ್ಳುವುದು ಗಮನಿಸಿ ನೋಡಿದರೆ ಕಾಣುತ್ತದೆ. ಸಭಾಂಗಣ ಖಾಲಿಯಿದ್ದ ದಿನ ಆ ನಟರೇ ಮೊದಲ ಪ್ರೇಕ್ಷಕರಾದರು.

ಮನೆಯಲ್ಲಿ ಕುಳಿತು ನೋಡುವವರ ಸಂಖ್ಯೆ ಮೇಲೇರಲು ಕಾಲ ಹಿಡಿಯಿತು. ನಾಲ್ಕನೆಯ ಸೀಸನ್‌ನ ನಡುವೆ, 1993ರ ಫೆಬ್ರವರಿಯಲ್ಲಿ, ಸರಣಿಯನ್ನು ಬುಧವಾರದಿಂದ ಗುರುವಾರಕ್ಕೆ, ಆಗಿನ ಜನಪ್ರಿಯ ಸರಣಿಯಾಗಿದ್ದ ‘ಚಿಯರ್ಸ್’ನ ಬೆನ್ನಿಗೆ ಸರಿಸಿದ ಮೇಲೆ ವೀಕ್ಷಕರು ಹರಿದು ಬಂದರು. ಆ ವರ್ಷವೇ ಅತ್ಯುತ್ತಮ ಹಾಸ್ಯ ಸರಣಿಗೆ ಸಲ್ಲುವ ಎಮ್ಮಿ ದಕ್ಕಿತು. ಆರನೆಯ ಮತ್ತು ಒಂಬತ್ತನೆಯ ಸೀಸನ್‌ಗಳಲ್ಲಿ ಅದು ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮವಾಯಿತು. ಗುಣ ಮೊದಲೇ ಇತ್ತು, ಗುರುವಾರ ಆಮೇಲೆ ಬಂತು. ಪ್ರೇಕ್ಷಕರ ಪ್ರತಿಕ್ರಿಯೆ ಎಂದು ನಾವು ಕರೆಯುವುದರಲ್ಲಿ ವಾರದ ದಿನಕ್ಕೂ ಗಡಿಯಾರಕ್ಕೂ ಸಲ್ಲುವ ಪಾಲು ಸಣ್ಣದಲ್ಲ.

ಹೀಗೆ ಕೋಟ್ಯಂತರ ಜನ ಒಪ್ಪಿಕೊಂಡ ಮೇಲೆ ಸರಣಿ ಅವರ ಮನಸ್ಸನ್ನು ನೋಯಿಸಲು ಹಿಂಜರಿಯಲಿಲ್ಲ. ಪಾತ್ರಗಳು ಅಪ್ಪಿಕೊಂಡು ಕಣ್ಣೀರಿಡಬಾರದು, ತಮ್ಮ ತಪ್ಪಿನಿಂದ ಪಾಠ ಕಲಿಯಬಾರದು ಎಂಬುದು ಲ್ಯಾರಿ ಡೇವಿಡ್ ಹಾಕಿಕೊಂಡಿದ್ದ ನಿಯಮ. 1996ರ ಮೇ 16ರ ಕಂತಿನಲ್ಲಿ ಆ ನಿಯಮ ತುತ್ತತುದಿ ಮುಟ್ಟುತ್ತದೆ. ಜಾರ್ಜ್ ಹಣ ಉಳಿಸಲೆಂದು ಆರಿಸಿದ ಅಗ್ಗದ ಮದುವೆ ಆಮಂತ್ರಣಗಳ ಲಕೋಟೆಗಳನ್ನು ನೆಕ್ಕಿ ಅಂಟಿಸುತ್ತ, ಆ ಅಂಟಿನ ವಿಷದಿಂದ ಅವನ ಭಾವೀ ಪತ್ನಿ ಸೂಸನ್ ಸಾಯುತ್ತಾಳೆ. ಆಸ್ಪತ್ರೆಯಲ್ಲಿ ಸುದ್ದಿ ಕೇಳಿದ ನಾಲ್ವರೂ ಒಂದು ಕ್ಷಣ ಏನು ಮಾಡುವುದೆಂದು ತೋಚದೆ ನಿಂತು, ಆಮೇಲೆ ಕಾಫಿ ಕುಡಿಯಲು ಹೊರಡುತ್ತಾರೆ. ಈ ಕಂತನ್ನು ಹೃದಯಹೀನವೆಂದು ಹಳಿದವರು ಅಂದೂ ಇದ್ದರು, ಇಂದೂ ಇದ್ದಾರೆ. ನನಗೂ ಆ ದೃಶ್ಯ ಪ್ರತಿ ಸಲ ಹೊಟ್ಟೆಯಲ್ಲಿ ಏನನ್ನೋ ಕಲಕುತ್ತದೆ. ಆದರೆ ಅಲ್ಲಿ ಕಣ್ಣೀರು ಹರಿಸಿದ್ದರೆ ಹಿಂದಿನ ಏಳು ಸೀಸನ್‌ಗಳೆಲ್ಲ ಸುಳ್ಳಾಗುತ್ತಿದ್ದವು. ಅಂಥ ಸುಳ್ಳಿಗಿಂತ ಈ ಕಲಕುವಿಕೆಯೇ ಮೇಲೆಂದು ನಾನು ಭಾವಿಸುತ್ತೇನೆ.

ಎಲ್ಲ ಕೋಪವನ್ನೂ ಹೀಗೆ ಸಮರ್ಥಿಸಿಕೊಳ್ಳಲು ಬರುವುದಿಲ್ಲ. 1998ರ ಮೇ 7ರಂದು, ಮುಕ್ತಾಯಕ್ಕೆ ಒಂದು ವಾರವಿರುವಾಗ ಬಂದ ಕಂತಿನಲ್ಲಿ ನಾಲ್ವರೂ ಪೋರ್ಟೊ ರಿಕೋ ದಿನಾಚರಣೆಯ ಮೆರವಣಿಗೆಯಿಂದಾದ ವಾಹನ ದಟ್ಟಣೆಯಲ್ಲಿ ಸಿಕ್ಕಿಬೀಳುತ್ತಾರೆ. ಕ್ರೇಮರ್ ಅಕಸ್ಮಾತ್ತಾಗಿ ಪೋರ್ಟೊ ರಿಕೋದ ಬಾವುಟಕ್ಕೆ ಬೆಂಕಿ ತಗುಲಿಸಿ ಅದನ್ನು ಆರಿಸಲೆಂದು ತುಳಿಯುತ್ತಾನೆ. ಆ ಸಮುದಾಯದವರು ಪ್ರತಿಭಟಿಸಿದರು, ಎನ್‌ಬಿಸಿ ಕ್ಷಮೆ ಕೇಳಿತು, ಕೆಲವು ವರ್ಷ ಆ ಕಂತನ್ನು ಮರುಪ್ರಸಾರದಿಂದ ಹೊರಗಿಡಲಾಯಿತು. ನಾಲ್ವರ ಸ್ವಾರ್ಥ ಹಾಸ್ಯದ ಗುರಿಯಾಗಿರುವವರೆಗೆ ಸರಣಿ ಭದ್ರವಾದ ನೆಲದ ಮೇಲೆ ನಿಂತಿರುತ್ತದೆ. ಗುರಿ ಜಾರಿ ಬೇರೆಯವರ ಮೇಲೆ ಬಿದ್ದಾಗ ನಗು ಹಳಸುತ್ತದೆ.

ನಮ್ಮ ಉಪಖಂಡದ ವೀಕ್ಷಕರಿಗೆ ಇದು ಇನ್ನೂ ಹತ್ತಿರದಿಂದ ತಟ್ಟುವುದು ಬಾಬು ಭಟ್ ಎಂಬ ಪಾಕಿಸ್ತಾನಿ ಹೋಟೆಲಿನವನ ಪಾತ್ರದಲ್ಲಿ. ಖಾಲಿ ಬಿದ್ದಿದ್ದ ಅವನ ಹೋಟೆಲಿಗೆ ಜೆರ್ರಿ ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಡುತ್ತಾನೆ, ಸಲಹೆಯಿಂದ ಅವನ ವ್ಯಾಪಾರ ನೆಲಕಚ್ಚುತ್ತದೆ. ಮುಂದೊಂದು ಕಂತಿನಲ್ಲಿ ಅವನ ವೀಸಾದ ಕಾಗದ ಜೆರ್ರಿಯ ಅಂಚೆಯಲ್ಲಿ ಬೆರೆತುಹೋಗಿ ಅವನನ್ನು ದೇಶದಿಂದಲೇ ಹೊರಗಟ್ಟುತ್ತಾರೆ. ತಾನು ಉಪಕಾರಿ ಎಂಬ ಜೆರ್ರಿಯ ಹೆಮ್ಮೆಯನ್ನು ಸುಲಿದು ತೋರಿಸುವ ಕಥೆಯಾಗಿ ಇದು ಬಹಳ ಹರಿತವಾದದ್ದು, ಮತ್ತು ಇಲ್ಲಿ ಗುರಿ ಜೆರ್ರಿಯೇ. ಆದರೆ ಸ್ಟುಡಿಯೋದ ಜನ ದೊಡ್ಡದಾಗಿ ನಗುವುದು ಬಾಬುವಿನ ಉಚ್ಚಾರಣೆಗೆ, ಅವನು ತೋರುಬೆರಳನ್ನು ಆಡಿಸುವ ರೀತಿಗೆ. ಬರೆದವರು ಒಂದಕ್ಕೆ ಗುರಿಯಿಟ್ಟರು, ಪ್ರೇಕ್ಷಕರು ಇನ್ನೊಂದಕ್ಕೆ ನಕ್ಕರು. ಆ ನಗುವಿನಲ್ಲಿ ಸೇರಿಕೊಳ್ಳಲು ನನಗೆ ಆಗುವುದಿಲ್ಲ, ಕಥೆಯನ್ನು ಮೆಚ್ಚದಿರಲೂ ಆಗುವುದಿಲ್ಲ.

ಈಗ ಮುಕ್ತಾಯದ ಕಂತು. ಹತ್ತನೆಯ ಸೀಸನ್‌ಗಾಗಿ ಕಂತೊಂದಕ್ಕೆ 50 ಲಕ್ಷ ಡಾಲರ್ ಕೊಡಲು ಎನ್‌ಬಿಸಿ ಮುಂದೆ ಬಂದಿತ್ತೆಂದು ಆಗ ವರದಿಯಾಗಿತ್ತು, ಜೆರ್ರಿ ಒಪ್ಪಲಿಲ್ಲ. ಜನರಿಗೆ ಇನ್ನೂ ಬೇಕು ಎನಿಸುತ್ತಿರುವಾಗಲೇ ವೇದಿಕೆಯಿಂದ ಇಳಿಯಬೇಕೆಂಬುದು ಸ್ಟ್ಯಾಂಡ್-ಅಪ್‌ನವರ ಹಳೆಯ ಶಿಸ್ತು. 1998ರ ಮೇ 14ರ ರಾತ್ರಿ ಸುಮಾರು 7 ಕೋಟಿ 63 ಲಕ್ಷ ಜನ ಕೊನೆಯ ಕಂತನ್ನು ನೋಡಿದರು. ಅದನ್ನು ಬರೆಯಲು ಲ್ಯಾರಿ ಡೇವಿಡ್ ಮರಳಿ ಬಂದಿದ್ದರು. ಮ್ಯಾಸಚೂಸೆಟ್ಸ್‌ನ ಸಣ್ಣ ಊರೊಂದರಲ್ಲಿ ಒಬ್ಬ ಮನುಷ್ಯನನ್ನು ದರೋಡೆ ಮಾಡುತ್ತಿರುವಾಗ ನಾಲ್ವರೂ ನೆರವಿಗೆ ಹೋಗದೆ ಅವನನ್ನು ಆಡಿಕೊಳ್ಳುತ್ತ ನಿಲ್ಲುತ್ತಾರೆ. ಕಷ್ಟದಲ್ಲಿರುವವರಿಗೆ ನೆರವಾಗದಿದ್ದುದೇ ಅಪರಾಧವಾಗಿ ಅವರ ಮೇಲೆ ಮೊಕದ್ದಮೆ ನಡೆಯುತ್ತದೆ. ಒಂಬತ್ತು ವರ್ಷಗಳಲ್ಲಿ ಅವರಿಂದ ನೊಂದ ಪಾತ್ರಗಳೆಲ್ಲ, ಬಾಬು ಭಟ್ ಸೇರಿದಂತೆ, ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳುತ್ತಾರೆ. ಒಂದು ವರ್ಷದ ಜೈಲುಶಿಕ್ಷೆಯಾಗುತ್ತದೆ.

ಅನೇಕರಿಗೆ ಇದು ತಮ್ಮ ಕೆನ್ನೆಗೇ ಬಿದ್ದ ಏಟಿನಂತಾಯಿತು. ಒಂಬತ್ತು ವರ್ಷ ತಾವು ನಕ್ಕದ್ದಕ್ಕೆ ತಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿದರೆಂದು ಅವರಿಗೆ ಅನಿಸಿರಬೇಕು. ಆ ಕೋಪವನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಆದರೆ ಅದರ ಕಾರಣ ನನಗೆ ಬೇರೆಯಾಗಿ ಕಾಣುತ್ತದೆ. ವಿಚಾರಣೆಯ ಕಲ್ಪನೆ ಸರಿಯಾದದ್ದೇ: ಪಾಠ ಕಲಿಯದವರನ್ನು ಪಾಠ ಕಲಿಸುವ ಜಾಗದಲ್ಲಿ ನಿಲ್ಲಿಸಿದರೆ ಅಲ್ಲೂ ಅವರು ಕಲಿಯುವುದಿಲ್ಲ ಎಂದು ತೋರಿಸುವುದು ಸರಣಿಯ ಸ್ವಭಾವಕ್ಕೆ ನಿಷ್ಠವಾಗಿದೆ. ಸೋತದ್ದು ಕಥೆಯನ್ನು ಕಟ್ಟಿದ ರೀತಿ. ಸಾಕ್ಷಿಗಳು ಸಾಲಾಗಿ ಬಂದು ಹಳೆಯ ಘಟನೆಗಳನ್ನು ನೆನಪಿಸಿ ಹೋಗುವಾಗ ಪ್ರೇಕ್ಷಕರಿಗೆ ಮಾಡಲು ಯಾವ ಕೆಲಸವೂ ಉಳಿಯುವುದಿಲ್ಲ. ಅದೇ ಸಂಜೆ ಇದಕ್ಕೆ ಮುನ್ನ ಹಳೆಯ ದೃಶ್ಯಗಳ ಸಂಕಲನವೊಂದನ್ನೂ ತೋರಿಸಿದ್ದರು. ನೆನಪುಗಳ ಮೇಲೆ ನೆನಪುಗಳನ್ನು ಹೇರಿದಂತಾಯಿತು. ತಿಮಿಂಗಿಲದ ಕಂತಿನಲ್ಲಿ ಜನ ತಾವೇ ಗಂಟು ಹಾಕಿ ನಕ್ಕರಲ್ಲವೇ, ಇಲ್ಲಿ ಗಂಟುಗಳನ್ನೆಲ್ಲ ಮೊದಲೇ ಹಾಕಿ ಕೈಗಿಟ್ಟಿದ್ದಾರೆ. ಸ್ಟುಡಿಯೋದ ನಗುವೂ ಆ ನ್ಯಾಯಾಲಯದ ದೃಶ್ಯಗಳಲ್ಲಿ ಗುರುತು ಸಿಕ್ಕ ಖುಷಿಯದಾಗಿದೆ, ಅಚ್ಚರಿಯ ನಗುವಲ್ಲ.

ಆ ಕೋಪ ಬರೆದವರನ್ನು ಕಾಲು ಶತಮಾನ ಬಿಡಲಿಲ್ಲ ಎಂಬುದಕ್ಕೆ ಪುರಾವೆ ಅವರ ಕೃತಿಯೇ. ಲ್ಯಾರಿ ಡೇವಿಡ್ ತನ್ನ ಮುಂದಿನ ಸರಣಿ ‘ಕರ್ಬ್ ಯುವರ್ ಎಂಥೂಸಿಯಾಸಮ್’ನ ಕೊನೆಯ ಕಂತಿನಲ್ಲಿ, 2024ರ ಏಪ್ರಿಲ್ 7ರಂದು, ತನ್ನ ಮೇಲೆಯೇ ಅಂಥದೇ ವಿಚಾರಣೆ ನಡೆಸಿಕೊಂಡರು. ಮತಗಟ್ಟೆಯ ಸಾಲಿನಲ್ಲಿ ನಿಂತವರಿಗೆ ನೀರು ಕೊಟ್ಟದ್ದೇ ಅಲ್ಲಿನ ಅಪರಾಧ. ಅಲ್ಲಿಯೂ ಶಿಕ್ಷೆಯಾಗುತ್ತದೆ, ಆದರೆ ಸ್ವತಃ ಜೆರ್ರಿ ಸೈನ್‌ಫೆಲ್ಡ್ ಬಂದು ವಿಚಾರಣೆ ರದ್ದಾಗಿರುವುದನ್ನು ತಿಳಿಸುತ್ತಾರೆ. ಅಂದೂ ಹೀಗೆಯೇ ಮುಗಿಸಬೇಕಿತ್ತು ಎಂದು ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಪ್ರೇಕ್ಷಕರ ದೂರನ್ನು ಇಷ್ಟು ದೀರ್ಘಕಾಲ ಮನಸ್ಸಿನಲ್ಲಿಟ್ಟುಕೊಂಡು ಅದಕ್ಕೆ ಕೃತಿಯ ಮೂಲಕವೇ ಉತ್ತರ ಕೊಟ್ಟದ್ದನ್ನು ನಾನು ತುಂಬು ಮನಸ್ಸಿನಿಂದ ಗೌರವಿಸುತ್ತೇನೆ.

ಹೊಸದಾಗಿ ನೋಡುವವರಿಗೆ ಎರಡು ಮಾತು. 2021ರ ಅಕ್ಟೋಬರ್ 1ರಿಂದ ಎಲ್ಲ 180 ಕಂತುಗಳೂ ನೆಟ್‌ಫ್ಲಿಕ್ಸ್‌ನಲ್ಲಿವೆ. ಚಿತ್ರೀಕರಣ 35 ಮಿಲಿಮೀಟರ್ ಫಿಲ್ಮಿನಲ್ಲಿ ನಡೆದಿದ್ದರಿಂದ ಚಿತ್ರ ನಿಚ್ಚಳವಾಗಿದೆ. ಆದರೆ ಹಳೆಯ ಟಿವಿಯ ಚೌಕಟ್ಟನ್ನು ಅಗಲಗೊಳಿಸಲು ಮೇಲೂ ಕೆಳಗೂ ಕತ್ತರಿಸಿದ್ದಾರೆ, ಅಭಿಮಾನಿಗಳು ಇದನ್ನು ವಿರೋಧಿಸಿದ್ದು ಸರಿಯಾಗಿಯೇ ಇದೆ. ರಸ್ತೆಯ ಗುಂಡಿಯ ಕುರಿತ 1997ರ ಕಂತಿನಲ್ಲಿ ಜೆರ್ರಿ ಮತ್ತು ಜಾರ್ಜ್ ಕೆಳಗೆ ನೋಡುತ್ತ ನಿಲ್ಲುವ ದೃಶ್ಯದಲ್ಲಿ ಆ ಗುಂಡಿಯೇ ಚೌಕಟ್ಟಿನಿಂದ ಹೊರಗೆ ಉಳಿದಿದೆ. ಇಂಗ್ಲಿಷ್ ಮಾತಿನ ವೇಗಕ್ಕೆ ಒಗ್ಗುವವರೆಗೆ ಸಬ್‌ಟೈಟಲ್ ಹಾಕಿಕೊಳ್ಳಿ, ಆದರೆ ಒಗ್ಗಿದ ಮೇಲೆ ತೆಗೆದುಬಿಡಿ. ಮಾತು ಬಾಯಿಂದ ಬರುವ ಮೊದಲೇ ಓದಿಬಿಟ್ಟರೆ ಸ್ಟುಡಿಯೋದವರ ಜತೆಗೆ ನೀವು ನಗಲಾರಿರಿ. ಮೊದಲ ಸೀಸನ್‌ನಿಂದ ಆರಂಭಿಸಬೇಡಿ. ಚೀನೀ ರೆಸ್ಟೋರೆಂಟಿನ ಕಂತಿನಿಂದ ಶುರು ಮಾಡಿ ನಾಲ್ಕನೆಯ ಸೀಸನ್ ಮುಗಿಯುವವರೆಗೆ ನೋಡಿ, ಆಮೇಲೆ ಹಿಂದಕ್ಕೆ ಹೋಗಿ. ಮೊಬೈಲ್ ಫೋನ್ ಒಂದಿದ್ದಿದ್ದರೆ ಎಷ್ಟೋ ಕಂತುಗಳ ತೊಡಕು ಎರಡು ನಿಮಿಷದಲ್ಲಿ ಬಗೆಹರಿಯುತ್ತಿತ್ತು ಎಂದು ಇಂದಿನ ಕಿರಿಯರಿಗೆ ಅನಿಸುವುದು ಸಹಜ. ತಪ್ಪಿಹೋದ ಭೇಟಿಗಳ ಆ ಜಗತ್ತಿಗೆ ಒಂದಿಷ್ಟು ಕಂತುಗಳಲ್ಲಿ ಮನಸ್ಸು ಹೊಂದಿಕೊಳ್ಳುತ್ತದೆ.

ಮುಕ್ತಾಯದ ಕಂತನ್ನು ಎಷ್ಟೇ ಜನ ಹಳಿದಿರಲಿ, ಅದರ ಕಟ್ಟಕಡೆಯ ಎರಡು ಘಟನೆಗಳನ್ನು ತಪ್ಪಿಸಿಕೊಳ್ಳಬಾರದು. ಜೈಲಿನ ಕೋಣೆಯಲ್ಲಿ ಕುಳಿತ ಜೆರ್ರಿ ಜಾರ್ಜ್‌ನ ಅಂಗಿಯ ಎರಡನೆಯ ಗುಂಡಿಯ ಬಗ್ಗೆ ಮತ್ತೆ ಅದೇ ಮಾತನ್ನು ಆಡುತ್ತಾನೆ; ಈ ಮಾತನ್ನು ಹಿಂದೆಯೂ ಆಡಿದ್ದೆವಲ್ಲ ಎಂದು ಜಾರ್ಜ್‌ಗೆ ಅನುಮಾನ ಬರುತ್ತದೆ. ಆಮೇಲೆ ಜೆರ್ರಿ ಕಿತ್ತಳೆ ಬಣ್ಣದ ಕೈದಿಯ ಉಡುಪಿನಲ್ಲಿ, ಕೈದಿಗಳ ಮುಂದೆ, ಜೈಲಿನ ಬಗ್ಗೆಯೇ ಸ್ಟ್ಯಾಂಡ್-ಅಪ್ ಮಾಡುತ್ತಾನೆ. ಧಾಟಿ ಮೊದಲ ಸೀಸನ್‌ನ ಕ್ಲಬ್ಬಿನದೇ, ಮಾತಿನ ನಡುವೆ ನಗುವಿಗೆಂದು ಬಿಡುವ ಬಿಡುವೂ ಅದೇ. ಎದುರಿಗೆ ಕುಳಿತವರಲ್ಲಿ ಒಬ್ಬ ಸಿಟ್ಟಿನಿಂದ ಬೆದರಿಸುತ್ತಾನೆ, ಉಳಿದವರು ಮುಖ ಬಿಗಿದುಕೊಂಡು ಕುಳಿತಿದ್ದಾರೆ. ಕಾವಲುಗಾರ ಎಳೆದುಕೊಂಡು ಹೋಗುವಾಗಲೂ ಜೆರ್ರಿ ಕೇಳುಗರನ್ನು ಹೊಗಳಿಯೇ ವೇದಿಕೆ ಬಿಡುತ್ತಾನೆ. ಆ ಇಡೀ ಗುಂಪಿನಲ್ಲಿ ನಗುವವನು ಒಬ್ಬನೇ, ಕ್ರೇಮರ್.